ಕಾವಿನ ಋಣ

ಕೋಳಿಮರಿಗೆ ಕಾವು ಕೊಡುವುದು ದಯೆಯ ಕೆಲಸವೇ? ಈ ಪ್ರಶ್ನೆ ನನ್ನ ಸೊಸೆಯದು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಆಮೇಲಾಮೇಲೆ ಮರಿ ನೋಡುವ ಆಸೆಗೆ ಬರತೊಡಗಿದಳು. ಒಂದು ಸಂಜೆ ನಾನು ಬಲ್ಬಿನ ಎತ್ತರ ಸರಿಮಾಡುತ್ತಿದ್ದಾಗ, "ಅತ್ತೆ, ಇವನ್ನ ಇಷ್ಟೊಂದು ಜೋಪಾನ ಮಾಡ್ತೀರಲ್ಲ, ಕೊನೆಗೆ ಇವು ಹೋಗೋದು ಸಾರಿಗೇ ತಾನೆ? ಹಾಗಾದ್ರೆ ಇದು ದಯೆ ಹೇಗಾಗುತ್ತೆ?" ಎಂದಳು. ಚುಚ್ಚುವ ಮಾತಲ್ಲ ಅದು. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು. ಹಾಗೆ ಕೇಳಿದ್ದಕ್ಕೆ ಹಾಗೆಯೇ ಉತ್ತರ ಕೊಡಬೇಕು ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮದು ತುರುವೇಕೆರೆ ಸೀಮೆ. ತೆಂಗಿನ ತೋಟದ ಅಂಚಿನಲ್ಲಿ ಒಂದು ಹೆಂಚಿನ ಶೆಡ್ಡು. ಒಂದು ದಿನದ ಗಿರಿರಾಜ ಮರಿ ತಂದು, ನಾಲ್ಕು ವಾರ ಸಾಕಿ, ರೆಕ್ಕೆಪುಕ್ಕ ಬಂದ ಮೇಲೆ ಸುತ್ತಲ ಹಳ್ಳಿಯ ಹೆಂಗಸರಿಗೆ ಕೊಡುವುದು ನನ್ನ ಕಸುಬು. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮ ಹಿತ್ತಿಲಿಗೆಂದೇ ಬೆಳೆಸಿದ ತಳಿ. ಮೊಟ್ಟೆಗೂ ಆಯಿತು, ಮಾಂಸಕ್ಕೂ ಆಯಿತು, ತಿಪ್ಪೆ ಕೆದರಿಕೊಂಡೂ ಬದುಕಿಕೊಳ್ಳುತ್ತದೆ. ಆದರೆ ಅದು ಬದುಕಿಕೊಳ್ಳುವುದು ಮೊದಲ ಮೂರು ನಾಲ್ಕು ವಾರ ಯಾರಾದರೂ ದಾಟಿಸಿಕೊಟ್ಟ ಮೇಲೆ.

ಮರಿ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ. ಸುತ್ತ ತೂತು, ಒಳಗೆ ನಾಲ್ಕು ಮನೆ, ಮನೆಗೆ 25ರಂತೆ 100 ಮರಿ. ಪೆಟ್ಟಿಗೆ ಬರುವ ಹೊತ್ತಿಗೆ ಬ್ರೂಡರಿನ, ಅಂದರೆ ಮರಿಗೆ ಕಾವು ಕೊಡುವ ಜಾಗದ, ನೆಲ ಬಿಸಿಯಾಗಿರಬೇಕು. ಮರಿ ಬಂದ ಮೇಲೆ ಬಲ್ಬು ಹಾಕಿದರೆ, ತಣ್ಣಗಿರುವ ಹೊಟ್ಟಿನ ಮೇಲೆ ಕಾಲಿಟ್ಟ ಮರಿ ಅಲ್ಲೇ ಮುದುಡಿ ಕೂರುತ್ತದೆ, ಮೇವಿಗೂ ಹೋಗುವುದಿಲ್ಲ, ನೀರಿಗೂ ಹೋಗುವುದಿಲ್ಲ. ನೆಲಕ್ಕೆ ಎರಡು ಮೂರು ಅಂಗುಲ ಭತ್ತದ ಹೊಟ್ಟು, ಅದರ ಮೇಲೆ ಹಳೆಯ ಗೋಣಿತಾಟು. ಬರಿಯ ಪೇಪರ್ ಹಾಸಿದರೆ ನುಣುಪಿಗೆ ಮರಿಯ ಕಾಲು ಜಾರುತ್ತದೆ, ಎರಡೂ ಕಾಲು ಅಗಲಿಸಿಕೊಂಡು ಹೊಟ್ಟೆಯ ಮೇಲೆ ಬೀಳುತ್ತದೆ. ಅಂಥದಕ್ಕೆ ಎರಡು ಕಾಲಿಗೂ ಮೆತ್ತನೆಯ ಪಟ್ಟಿ ಸಡಿಲವಾಗಿ ಕಟ್ಟಿ ಒಂದೆರಡು ದಿನ ಬಿಟ್ಟರೆ ಬಹಳ ಸಲ ನೆಟ್ಟಗೆ ನಿಲ್ಲುತ್ತದೆ. ಸುತ್ತಲೂ ಒಂದೂವರೆ ಅಡಿ ಎತ್ತರದ ತಗಡಿನ ಬೇಲಿ. ಬೇಲಿ ದುಂಡಗೇ ಇರಬೇಕು. ಮೂಲೆಯಿದ್ದರೆ ಚಳಿಗೋ ಹೆದರಿಕೆಗೋ ಎಲ್ಲ ಮರಿಗಳೂ ಅಲ್ಲಿಗೆ ನುಗ್ಗುತ್ತವೆ, ಒಂದರ ಮೇಲೊಂದು ಹತ್ತುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತವೆ. ಚಳಿಗೆ ಸಾಯುವುದಕ್ಕಿಂತ ಚಳಿಯಿಂದ ತಪ್ಪಿಸಿಕೊಳ್ಳಲು ಹೋಗಿ ಸಾಯುವುದೇ ಹೆಚ್ಚು.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಮಾಗಿ ಚಳಿಯಲ್ಲಿ ಮರಿಗೆ ಎರಡು ವ್ಯಾಟಿನ ಲೆಕ್ಕದಲ್ಲಿ ಬಲ್ಬು ಹಾಕುತ್ತೇನೆ. ಥರ್ಮಾಮೀಟರ್ ಇದೆ, ನೇತುಹಾಕಿದ್ದೇನೆ. ಆದರೆ ನೋಡಬೇಕಾದದ್ದು ಮರಿಯನ್ನು. ಬಲ್ಬಿನ ಅಡಿಯಲ್ಲೇ ಗುಂಪುಗೂಡಿ ಕೀರಲು ದನಿಯಲ್ಲಿ ಚಿಂಯ್‌ಗುಟ್ಟುತ್ತಿದ್ದರೆ ಶಾಖ ಸಾಲದು. ಬೇಲಿಗೆ ಒತ್ತಿಕೊಂಡು ರೆಕ್ಕೆ ಇಳಿಬಿಟ್ಟು ಬಾಯಿ ತೆರೆದಿದ್ದರೆ ಶಾಖ ಜಾಸ್ತಿ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ಹೊಡೆಯುತ್ತಿದೆ ಎಂದರ್ಥ, ಎದ್ದು ಹೋಗಿ ಗೋಣಿ ಪರದೆ ಕಟ್ಟಬೇಕು. ಅಲ್ಲೊಂದು ಇಲ್ಲೊಂದು ಹರಡಿಕೊಂಡು, ಕೆಲವು ತಿನ್ನುತ್ತಾ, ಕೆಲವು ಕುಡಿಯುತ್ತಾ, ಕೆಲವು ಕತ್ತು ಚಾಚಿ ಮಲಗಿದ್ದರೆ ಎಲ್ಲ ಸರಿಯಿದೆ.

ಇಷ್ಟೆಲ್ಲ ಏಕೆ ಎಂದರೆ, ಮೊಟ್ಟೆಯಿಂದ ಹೊರಬಂದ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬೆಳೆದ ಕೋಳಿಯ ಮೈ 41 ಡಿಗ್ರಿಯ ಸುತ್ತ ಇರುತ್ತದೆ, ಹೊರಗೆ ಚಳಿಯಿರಲಿ ಬಿಸಿಲಿರಲಿ. ಮರಿಯ ಮೈ ಮಾತ್ರ ಸುತ್ತಲಿನ ಗಾಳಿ ತಣ್ಣಗಾದಂತೆ ತಾನೂ ತಣ್ಣಗಾಗುತ್ತಾ ಹೋಗುತ್ತದೆ. ಮೈಮೇಲಿರುವುದು ಪುಕ್ಕವಲ್ಲ, ಬರೀ ತುಪ್ಪಳು. ಹಸಿವಿಗಾದರೆ ಒಂದು ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ಹೊರಬರುವ ಮುಂಚೆ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ, ಎರಡು ಮೂರು ದಿನಕ್ಕೆ ಅದೇ ಆಧಾರ. ಅದರಿಂದಲೇ ಹ್ಯಾಚರಿಯವರು ಇವನ್ನು ಊರಿಂದೂರಿಗೆ ಬಸ್ಸಿನಲ್ಲಿ ಕಳಿಸಲು ಆಗುವುದು. ಬೆಚ್ಚಗಿರುವುದಕ್ಕೆ ಅಂಥ ಬುತ್ತಿ ಏನೂ ಇಲ್ಲ. ಅದು ಹೊರಗಿನಿಂದಲೇ ಸಿಗಬೇಕು.

ಈಗ ಸೊಸೆಯ ಮಾತಿಗೆ ಬರುತ್ತೇನೆ. ಅವಳು ಕೇಳಿದ್ದರ ಹಿಂದೆ ಒಂದು ಹಳೆಯ ತರ್ಕವಿದೆ. ಮಾಡುವ ಕೆಲಸದ ಬೆಲೆ ಇರುವುದು ಅದರ ಹಿಂದಿನ ಸಂಕಲ್ಪದಲ್ಲಿ ಎನ್ನುವ ತರ್ಕ. ಇದನ್ನು ನಾನು ಮೊದಲು ಕೇಳಿದ್ದು ಹೈಸ್ಕೂಲಿನಲ್ಲಿ, ಕನ್ನಡ ಮೇಷ್ಟ್ರು ಜನ್ನನ ಯಶೋಧರ ಚರಿತೆಯ ಕತೆ ಹೇಳಿದಾಗ. 1209ರ ಕಾವ್ಯ ಅದು. ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕಕ್ಕೂ ಅದೇ ಮೂಲ. ಉಜ್ಜಯಿನಿಯ ಅರಸ ಯಶೋಧರನಿಗೆ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಅವನು ಜೀವ ತೆಗೆಯಲು ಒಲ್ಲ. ತಾಯಿಯ ಮಾತನ್ನು ಮೀರಲೂ ಆಗದೆ ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಷ್ಟಕ್ಕೇ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳನ್ನು ಸುತ್ತಬೇಕಾಗುತ್ತದೆ, ಕೊನೆಗೊಮ್ಮೆ ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಸಾಯುತ್ತಾರೆ. ಜೈನರು ಭಾವಹಿಂಸೆ ಎನ್ನುವುದು ಇದನ್ನೇ. ಜೀವ ಹೋಗಲಿಲ್ಲ, ಆದರೂ ಕೊಲ್ಲುವ ಭಾವ ಇತ್ತಲ್ಲ, ಅದೇ ಸಾಕು.

ಈ ಕತೆಯನ್ನು ತಿರುಗಿಸಿ ಹಿಡಿದರೆ ನನ್ನ ಬ್ರೂಡರ್ ಕಾಣುತ್ತದೆ. ಅಲ್ಲಿ ಜೀವವಿಲ್ಲದ ಕೋಳಿಯನ್ನು ಕೊಲ್ಲುವ ಭಾವದಿಂದ ಕಡಿದದ್ದೇ ಕೊಲೆಯಾದರೆ, ಇಲ್ಲಿ ಜೀವವಿರುವ ಮರಿಯನ್ನು ಮುಂದೆ ಕೊಲ್ಲುತ್ತಾರೆಂದು ಗೊತ್ತಿದ್ದೂ ಕಾಪಾಡುವುದು ಏನಾಗುತ್ತದೆ? ಸಂಕಲ್ಪವೇ ಎಲ್ಲ ಎಂದಾದರೆ ನಾನು ಕೊಡುವ ಕಾವಿನಲ್ಲೂ ಕತ್ತಿಯ ನೆರಳಿದೆ ಎಂದು ಒಪ್ಪಬೇಕಾಗುತ್ತದೆ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮದು ಕೋಳಿ ತಿನ್ನುವ ಮನೆ. ನನ್ನಿಂದ ಮರಿ ಕೊಳ್ಳುವ ಮನೆಗಳೂ ಅಂಥವೇ, ಮಾರಮ್ಮನ ಹಬ್ಬಕ್ಕೆ ಹುಂಜ ಬಿಡುವವರು.

ಸಮಾಧಾನಕ್ಕೆ ಜನ ಎರಡು ಮಾತು ಹೇಳುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಒಂದು, "ತಿನ್ನೋರು ಇಲ್ದೆ ಇದ್ರೆ ಈ ಮರಿ ಹುಟ್ತಾನೇ ಇರ್ಲಿಲ್ಲ" ಎನ್ನುವುದು. ಹುಟ್ಟಿಸಿದ್ದೇ ಉಪಕಾರ ಎಂಬ ಅರ್ಥದಲ್ಲಿ. ಹುಟ್ಟುವ ಮುಂಚೆ ಉಪಕಾರ ಪಡೆಯಲು ಅಲ್ಲಿ ಯಾರಿದ್ದರು? ಹುಟ್ಟಿದ ಮೇಲೆ ಚಳಿಯಲ್ಲಿ ನಡುಗುವ ಮರಿ ಒಂದಿದೆ, ಅದರೊಡನೆ ನಮ್ಮ ವ್ಯವಹಾರ ಶುರುವಾಗುವುದು ಅಲ್ಲಿಂದ. ಇನ್ನೊಂದು, ಗೀತೆಯ ಹೆಸರು ಹೇಳಿ ಫಲದ ಚಿಂತೆ ಬಿಟ್ಟು ಕೆಲಸ ಮಾಡು ಎನ್ನುವುದು. ಗೀತೆ ಬಿಡು ಎನ್ನುವುದು ನನ್ನ ಕೆಲಸದಿಂದ ನನಗೆ ಬರುವ ಫಲದ ಆಸೆಯನ್ನು. ನನ್ನ ಕೈಯಲ್ಲಿರುವ ಜೀವಕ್ಕೆ ಮುಂದೇನಾಗುತ್ತದೆ ಎಂಬುದಕ್ಕೆ ಕಣ್ಣು ಮುಚ್ಚು ಎಂದು ಅದು ಹೇಳಿಲ್ಲ.

ಹಾಗಾದರೆ ಉತ್ತರ ಎಲ್ಲಿದೆ? ನನಗೆ ದಾರಿ ಸಿಕ್ಕಿದ್ದು ನಾಟಿ ಕೋಳಿಯನ್ನು ನೆನೆದಾಗ.

ನಮ್ಮವ್ವ ಹ್ಯಾಟೆಯನ್ನು ಕಾವಿಗೆ ಕೂರಿಸುತ್ತಿದ್ದುದು ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ. ಹಳೆಯ ಬುಟ್ಟಿಗೆ ಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ತುಂಡು ಇದ್ದಿಲು, ಒಂದು ಚೂರು ಕಬ್ಬಿಣ ಹಾಕುತ್ತಿದ್ದಳು. ಕಾವಿಗೆ ಬಂದ ಕೋಳಿಯ ಎದೆಯಡಿಯ ಪುಕ್ಕ ಉದುರಿ ಬರೀ ಚರ್ಮ ಉಳಿಯುತ್ತದೆ. ಆ ಚರ್ಮದ ಬಿಸಿ ನೇರ ಮೊಟ್ಟೆಗೆ ತಾಗುತ್ತದೆ. ದಿನಕ್ಕೊಮ್ಮೆ ಎದ್ದು ಗಬಗಬ ನಾಲ್ಕು ಕಾಳು ತಿಂದು, ನೀರು ಕುಡಿದು ಮತ್ತೆ ಬಂದು ಕೂರುತ್ತದೆ. ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತಿರುತ್ತದೆ. 21ನೇ ದಿನದ ಹೊತ್ತಿಗೆ ಮೊಟ್ಟೆಯೊಳಗಿಂದಲೇ ಪಿಳ್ಳೆ ಕೀಚಲು ದನಿ ತೆಗೆದರೆ ಹ್ಯಾಟೆ ಮೆಲ್ಲಗೆ ಕೊರಗುಟ್ಟಿ ಓಗೊಡುತ್ತದೆ. ಪಿಳ್ಳೆ ಹೊರಗೆ ಬರುವ ಮುಂಚೆಯೇ ಇಬ್ಬರಿಗೂ ಪರಿಚಯ. ಬಂದ ಮೇಲೂ ವಾರಗಟ್ಟಲೆ, ಚಳಿಯಾದಾಗಲೆಲ್ಲ ಪಿಳ್ಳೆಗಳು ಅದರ ರೆಕ್ಕೆಯೊಳಗೆ ಸೇರಿಕೊಳ್ಳುತ್ತವೆ. ನಾಲ್ಕು ಕಡೆಯಿಂದ ಪುಟ್ಟ ಪುಟ್ಟ ತಲೆ ಹೊರಗೆ ಕಾಣುತ್ತಿರುತ್ತವೆ.

ನನ್ನ ಶೆಡ್ಡಿಗೆ ಬರುವ ಮರಿಗೆ ಇದು ಯಾವುದೂ ಇರಲಿಲ್ಲ. ಅದರ ಮೊಟ್ಟೆ 18 ದಿನ ಸೆಟ್ಟರ್ ಎಂಬ ಯಂತ್ರದಲ್ಲಿ, ಕೊನೆಯ ಮೂರು ದಿನ ಹ್ಯಾಚರ್ ಎಂಬ ಇನ್ನೊಂದು ಯಂತ್ರದಲ್ಲಿ ಇತ್ತು. ಅದನ್ನು ಇಟ್ಟ ಕೋಳಿ ಕಾವಿಗೆ ಕೂರುವ ಜಾತಿಯದೇ ಅಲ್ಲ. ಕಾವಿಗೆ ಕೂತ ಕೋಳಿ ಆ ದಿನಗಳಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೇ ತಳಿ ಬೆಳೆಸುವವರು ಹೆಚ್ಚು ಇಡುವುದನ್ನೇ ಆರಿಸುತ್ತಾ, ಕೂರುವುದನ್ನು ಬಿಡುತ್ತಾ ಬಂದರು. ಹೀಗೆ ತಲೆಮಾರುಗಳ ಆಯ್ಕೆಯಲ್ಲಿ ಕಾವು ಕೂರುವ ಗುಣವೇ ಸೋರಿಹೋಯಿತು. ಲೆಗ್‌ಹಾರ್ನ್ ಕೂರುವುದಿಲ್ಲ. ನಮ್ಮ ಗಿರಿರಾಜವೂ ಕೂರುವುದಿಲ್ಲ. ಆ ಗುಣ ತಾನಾಗಿ ಹೋದದ್ದಲ್ಲ, ಮನುಷ್ಯರು ತೆಗೆದದ್ದು, ಮೊಟ್ಟೆಯ ಆಸೆಗೆ. ಆ ಮೊಟ್ಟೆಯನ್ನು ನಾನೂ ತಿಂದಿದ್ದೇನೆ, ನನ್ನ ಮಕ್ಕಳೂ ತಿಂದು ಬೆಳೆದಿದ್ದಾರೆ.

ಅಂದಮೇಲೆ ಮರಿಗೆ ತಾಯಿಯಿಲ್ಲದಂತೆ ಮಾಡಿದ್ದು ನಾವು. ಹೀಗಿರುವಾಗ ಬಲ್ಬು ಹಾಕಿ ಅದನ್ನು ದಯೆ ಎನ್ನುವುದು ಹೇಗೆ? ಒಬ್ಬರ ಹೊದಿಕೆ ಕಿತ್ತುಕೊಂಡವನು ರಾತ್ರಿ ಒಂದು ಕಂಬಳಿ ಕೊಟ್ಟರೆ ಅದು ದಾನವಾಗುವುದಿಲ್ಲ, ತೆಗೆದುಕೊಂಡದ್ದರಲ್ಲಿ ಸ್ವಲ್ಪ ಹಿಂದಿರುಗಿಸಿದಂತೆ. ಬಸವಣ್ಣನವರು ಧರ್ಮವನ್ನು ದಯೆಯ ಮೇಲೇ ನಿಲ್ಲಿಸಿದರು. ಆ ದಯೆ ದೊಡ್ಡದು, ಎಲ್ಲ ಪ್ರಾಣಿಗಳನ್ನೂ ಒಳಗೊಂಡದ್ದು. ನಾವು ದಿನಬಳಕೆಯಲ್ಲಿ ದಯೆ ಎನ್ನುವುದು ಅಷ್ಟು ದೊಡ್ಡದಿರುವುದಿಲ್ಲ. ಮನಸ್ಸಿಗೆ ಬಂದರೆ ಮಾಡುತ್ತೇವೆ, ಸುಸ್ತಾದರೆ ಬಿಡುತ್ತೇವೆ, ಮಾಡದಿದ್ದರೆ ಕೇಳುವವರಿಲ್ಲ, ಮಾಡಿದರೆ ಹೊಗಳುತ್ತಾರೆ. ಋಣ ಹಾಗಲ್ಲ. ಸುಸ್ತಾದರೂ ತೀರಿಸಬೇಕು. ತೀರಿಸಿದ್ದಕ್ಕೆ ಹೊಗಳಿಕೆಯೂ ಇಲ್ಲ.

ಸೊಸೆಗೆ ನಾನು ಹೇಳಬೇಕಿದ್ದುದು ಇದೇ. ನಾನು ಮಾಡುತ್ತಿರುವುದು ದಯೆಯಲ್ಲ, ಋಣ ತೀರಿಸುವ ಕೆಲಸ. ಋಣಕ್ಕೆ ಮುಂದೆ ಏನಾಗುತ್ತದೆ ಎಂಬುದು ಗಣನೆಯಲ್ಲ. ಸಾಲ ಕೊಟ್ಟವನು ನಾಳೆ ಸಾಯುತ್ತಾನೆಂದು ತಿಳಿದರೂ ಇವತ್ತು ಕೊಡಬೇಕಾದದ್ದು ಕೊಡಬೇಕಾದದ್ದೇ. ಮರಿಗೆ ನಾಳೆಯ ಚಿಂತೆಯಿಲ್ಲ, ಅದಕ್ಕಿರುವುದು ಈ ಹೊತ್ತಿನ ಚಳಿ. ಆ ಚಳಿ ಪೂರ್ತಿ ನಿಜ, ಎಂಟು ವಾರಕ್ಕೆ ಕೊರಳು ಮುರಿದರೂ ಎಂಟು ವರ್ಷ ಬದುಕಿದರೂ ಈ ರಾತ್ರಿಯ ಚಳಿ ಅಷ್ಟೇ ನಿಜ.

ಮಠದಲ್ಲಿ ಒಂದು ಶ್ರಾವಣದ ಪ್ರವಚನದಲ್ಲಿ ಗುರು ಕೊಡುವ ದೀಕ್ಷೆಯ ಮಾತು ಬಂದಿತ್ತು. ಕುಲಾರ್ಣವ ತಂತ್ರದಲ್ಲಿ ಬರುವ ವಿಚಾರ. ಹಕ್ಕಿ ರೆಕ್ಕೆಯಿಂದ ಮುಟ್ಟಿ ಮರಿಯನ್ನು ಬೆಳೆಸುತ್ತದೆ, ಮೀನು ಬರೀ ನೋಟದಿಂದ, ಆಮೆ ದೂರದಿಂದಲೇ ನೆನೆನೆನೆದು. ಗುರುವೂ ಹಾಗೆಯೇ ಸ್ಪರ್ಶದಿಂದ, ನೋಟದಿಂದ, ಮನಸ್ಸಿನಿಂದ ಶಿಷ್ಯನನ್ನು ಬೆಳೆಸುತ್ತಾನಂತೆ. ಮೀನು ಆಮೆಗಳ ವಿಷಯ ನಿಜವಾಗಿ ಹಾಗಿಲ್ಲದಿರಬಹುದು. ಹಕ್ಕಿಯದು ನಿಜ. ಅಂದು ಕೂತು ಕೇಳುತ್ತಿದ್ದ ನನಗೆ ಬಲ್ಬಿನ ಯೋಚನೆ ಬಂತು. ಬಲ್ಬು ಬಿಸಿ ಕೊಡುತ್ತದೆ, ಅಷ್ಟೇ. ಅದಕ್ಕೆ ಮುಟ್ಟಲು ಬಾರದು, ನೋಡಲು ಬಾರದು, ನೆನೆಯಲು ಬಾರದು. ಹ್ಯಾಟೆಯಿಂದ ನಾವು ಕಿತ್ತುಕೊಂಡದ್ದು ಶಾಖವನ್ನಷ್ಟೇ ಆಗಿದ್ದರೆ ಕರೆಂಟು ಬಿಲ್ಲು ಕಟ್ಟಿದರೆ ಋಣ ಮುಗಿಯುತ್ತಿತ್ತು.

ಮುಟ್ಟುವುದೆಂದರೆ ಏನೆಂದು ಒಂದು ಹೇಳುತ್ತೇನೆ. ದೂರದ ಪ್ರಯಾಣ, ಚಳಿ, ಇಲ್ಲವೇ ಅತಿ ಬಿಸಿ ತಗುಲಿದ ಮರಿಗೆ ಹಿಕ್ಕೆ ಮೆತ್ತಗಾಗಿ ಗುದದ್ವಾರದ ತುಪ್ಪಳಿಗೆ ಅಂಟಿ ಒಣಗುತ್ತದೆ. ಮೇಲಿಂದ ಮೇಲೆ ಒಣಗಿ ಗಟ್ಟಿ ಬಿರಡೆಯ ಹಾಗೆ ಮುಚ್ಚಿಕೊಂಡರೆ ಮರಿ ಹೊಟ್ಟೆಯುಬ್ಬಿ ಸಾಯುತ್ತದೆ. ಎಳೆದು ಕೀಳಬಾರದು, ಚರ್ಮವೇ ಹರಿದು ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಹಿಡಿದು, ನೆನೆಯುವವರೆಗೆ ಕಾಯಬೇಕು. ಮರಿ ಅಂಗೈಯಲ್ಲಿ ಕಾಲು ಝಾಡಿಸುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಹೃದಯದ ಬಡಿತ ಬೆರಳಿಗೆ ಬಿಡದೆ ತಾಗುತ್ತಿರುತ್ತದೆ. ಅಂಟು ಬಿಟ್ಟುಕೊಂಡ ಮೇಲೆ ಒರೆಸಿ, ಪೂರ್ತಿ ಒಣಗಿಸಿಯೇ ಒಳಗೆ ಬಿಡಬೇಕು, ಒದ್ದೆ ಮರಿಗೆ ಬಲ್ಬಿನಡಿಯಲ್ಲೂ ಚಳಿಯೇ. ಸಂಜೆ ಅಲ್ಲೊಂದು ಇಲ್ಲೊಂದು ಮರಿ ಹಿಡಿದು ಕೊರಳ ಬುಡದ ಮೇವಿನ ಚೀಲ ಒತ್ತಿ ನೋಡುತ್ತೇನೆ. ತುಂಬಿ ಮೆತ್ತಗಿದ್ದರೆ ತಿಂದು ಕುಡಿದಿದೆ. ಗಟ್ಟಿಯಿದ್ದರೆ ನೀರು ಸಿಕ್ಕಿಲ್ಲ. ಬರಿದಾಗಿದ್ದರೆ ಎಲ್ಲೋ ಏನೋ ಸರಿಯಿಲ್ಲ.

ನೋಟದ ಮಾತನ್ನು ಆಗಲೇ ಹೇಳಿದೆ. ಇನ್ನು ನೆನೆಯುವುದು. ರಾತ್ರಿ ಮಲಗಿದಾಗ ಫ್ಯಾನು ನಿಂತ ಸದ್ದಿಗೇ ಎಚ್ಚರವಾಗುತ್ತದೆ. ಕರೆಂಟು ಹೋಯಿತು ಎಂದರೆ ಇದ್ದಿಲ ಬಾಣಲೆ ಹೊತ್ತಿಸಬೇಕು. ಮರಿ ಹತ್ತಿರ ಬಂದು ಸುಟ್ಟುಕೊಳ್ಳದಂತೆ ಸುತ್ತ ಜಾಲರಿ ಇಡಬೇಕು, ಮೇಲಿನ ಕಿಂಡಿ ತೆರೆದಿರಬೇಕು, ಇಲ್ಲದಿದ್ದರೆ ಇದ್ದಿಲ ಗಾಳಿಯೇ ಮರಿಗಳನ್ನು ಕೊಲ್ಲುತ್ತದೆ. ನಿದ್ದೆಯಲ್ಲೂ ಕಿವಿಯ ಒಂದು ತುದಿ ಶೆಡ್ಡಿನ ಕಡೆ ಇರುತ್ತದಲ್ಲ, ಅದನ್ನು ಯಾವ ಯಂತ್ರದಿಂದಲೂ ಮಾಡಿಸಲಾಗದು. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿರುವ ಸಂಕಲ್ಪ ಯಾವುದು ಎಂದು ಯಾರಾದರೂ ಕೇಳಿದರೆ, ಇವಕ್ಕೆ ಚಳಿ ತಾಗಬಾರದು ಎನ್ನುವುದೊಂದೇ. ಮರಿಗೆ ಎಷ್ಟು ರೂಪಾಯಿ ಸಿಗುತ್ತದೆ ಎಂಬ ಲೆಕ್ಕವೂ ಇರುವುದಿಲ್ಲ, ಯಾರ ಸಾರಿಗೆ ಹೋಗುತ್ತದೆ ಎಂಬುದೂ ಇರುವುದಿಲ್ಲ. ಭಾವಕ್ಕೇ ಬೆಲೆ ಎನ್ನುವ ಜೈನರ ಮಾತನ್ನು ಒಪ್ಪಿದರೆ ಇದನ್ನೂ ಒಪ್ಪಬೇಕು ಎಂದು ನನಗೆ ತೋರುತ್ತದೆ.

ಆದರೆ ಇಷ್ಟರಿಂದ ಕೊಲೆಯ ಲೆಕ್ಕ ತೊಳೆದುಹೋಗುವುದಿಲ್ಲ. ಕಾವು ಕೊಟ್ಟವಳು ಎಂಬುದರಿಂದ ನನಗೆ ಕೊಲ್ಲುವ ಹಕ್ಕು ಬರುವುದಿಲ್ಲ, ಮರಿಯನ್ನು ಕೊಂಡವರಿಗೂ ಬರುವುದಿಲ್ಲ. ಮನುಸ್ಮೃತಿ ಪ್ರತಿ ಮನೆಯಲ್ಲೂ ಐದು ಕೊಲೆಯ ಜಾಗಗಳಿವೆ ಎನ್ನುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ. ಗೃಹಸ್ಥನು ದಿನವೂ ಮಾಡುವ ಐದು ಯಜ್ಞಗಳಿಂದ, ಅದರಲ್ಲಿ ಪ್ರಾಣಿಗಳಿಗೆ ಅನ್ನವಿಡುವುದೂ ಒಂದು, ಆ ದೋಷ ಕಳೆಯುತ್ತದಂತೆ. ಆ ಗ್ರಂಥದ ಎಷ್ಟೋ ಮಾತು ನನಗೆ ಸೇರದು, ಹೆಂಗಸಾಗಿ ಸೇರಲು ಸಾಧ್ಯವೂ ಇಲ್ಲ. ಈ ಒಂದು ಮಾತು ಮಾತ್ರ ಹಿಡಿಸುತ್ತದೆ, ಯಾಕೆಂದರೆ ಬದುಕುವ ಮನೆ ಯಾವುದೂ ನಿರ್ದೋಷಿಯಲ್ಲ ಎಂದು ಅದು ನೇರವಾಗಿ ಒಪ್ಪುತ್ತದೆ. ಆದರೆ ಒಲೆಯ ಉರಿಗೆ ಅರಿಯದೆ ಬಿದ್ದ ಇರುವೆಯ ಸಾವೂ, ಅರಿತೇ ಕತ್ತಿಗೆ ಕೊಟ್ಟ ಹುಂಜದ ಸಾವೂ ಒಂದೇ ಅಲ್ಲ. ಎರಡನೆಯದು ಒಂದು ಹಿಡಿ ಅನ್ನ ಇಟ್ಟರೆ ಕಳೆಯುವಂಥದ್ದಲ್ಲ. ಅದನ್ನು ತಿನ್ನುವವರೆಲ್ಲ ಹೊರಬೇಕು, ನಾನೂ ಹೊರುತ್ತೇನೆ. ಕಾವಿನ ಲೆಕ್ಕ ಬೇರೆ, ಕೊಲೆಯ ಲೆಕ್ಕ ಬೇರೆ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಿಕೊಳ್ಳಲು ಹೋದಾಗಲೇ ನಾವು ಯಶೋಧರನ ಹಾಗೆ ಹಿಟ್ಟಿನ ಕೋಳಿ ಮಾಡಿಕೊಂಡು ಕೂರುವುದು.

ಈ ಋಣವನ್ನು ಹೊರಲು ಒಪ್ಪದವರೂ ಇದ್ದಾರೆ. ಮೊಟ್ಟೆಗೆಂದೇ ಬೆಳೆಸಿದ ತಳಿಗಳಲ್ಲಿ ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಲಾಭವಿಲ್ಲ. ಹಾಗಾಗಿ ಪ್ರಪಂಚದಾದ್ಯಂತ ಹ್ಯಾಚರಿಗಳಲ್ಲಿ ಅವನ್ನು ಹುಟ್ಟಿದ ದಿನವೇ ಬೇರ್ಪಡಿಸಿ ಕೊಂದುಬಿಡುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ತಾಯಿಯನ್ನೂ ಇಲ್ಲದಂತೆ ಮಾಡಿ, ಒಂದು ರಾತ್ರಿಯ ಕಾವನ್ನೂ ಕೊಡದೆ ಕಳಿಸುವುದಕ್ಕಿಂತ ದೊಡ್ಡ ಕೃತಘ್ನತೆ ನನಗೆ ಗೊತ್ತಿಲ್ಲ. ಗಿರಿರಾಜದಲ್ಲಿ ಹುಂಜಕ್ಕೂ ಬೆಲೆಯಿದೆ, ನನ್ನ ಪೆಟ್ಟಿಗೆಯಲ್ಲಿ ಎರಡೂ ಬರುತ್ತವೆ. ಬೇರೆ ತಳಿಗೆ ಹೋಗದಿರಲು ನನಗೆ ಇದೂ ಒಂದು ಕಾರಣ.

ಇದನ್ನೆಲ್ಲ ಸೊಸೆಗೆ ಹೇಳಿದಾಗ ಅವಳು, "ಹಾಗಾದ್ರೆ ಈ ಋಣ ತೀರೋದು ಯಾವಾಗ ಅತ್ತೆ?" ಎಂದಳು. "ನಾಲ್ಕನೇ ವಾರಕ್ಕೆ ಪುಕ್ಕ ಬರುತ್ತಲ್ಲಮ್ಮ, ಆಗ ಆ ಮರಿದು ತೀರ್ತು" ಎಂದೆ. ಅವಳು ಬಿಡಲಿಲ್ಲ. "ಅದೂ ಮೊಟ್ಟೆ ಇಟ್ಟು ಹೋಗುತ್ತೆ, ಕಾವಿಗೆ ಕೂರಲ್ಲ. ಮತ್ತೆ ಮುಂದಿನದಕ್ಕೆ?" ಹೌದು, ಅಲ್ಲಿಗೆ ತೀರುವುದಿಲ್ಲ. ತಲೆಮಾರುಗಳಿಂದ ಕಳೆದದ್ದನ್ನು ನಾಲ್ಕು ವಾರದಲ್ಲಿ ಕೊಟ್ಟು ಮುಗಿಸಲಾಗದು.

ಹಾಗಾಗಿ ಮರಿ ಒಯ್ಯುವ ಹೆಂಗಸರಿಗೆ ಈಗ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಚಳಿ ಇರುವವರೆಗೂ ರಾತ್ರಿ ಮಂಕರಿಯಡಿ ಕವುಚಿ ಮೇಲೆ ಗೋಣಿ ಹೊದಿಸಿ. ಕೊಕ್ಕರೆ ರೋಗಕ್ಕೆ ಎಂಟನೇ ವಾರದಲ್ಲಿ ಇನ್ನೊಂದು ಲಸಿಕೆ ಹಾಕಿಸಿ, ಮರೆಯಬೇಡಿ. ಮೊನ್ನೆ ಹತ್ತು ಮರಿ ಕೊಂಡ ಹೆಂಗಸೊಬ್ಬಳು, "ಅಕ್ಕ, ಇವು ಕಾವಿಗೆ ಕೂರ್ತವಾ?" ಎಂದು ಕೇಳಿದಳು. ಕೂರಲ್ಲ ಕಣವ್ವ, ಒಂದು ನಾಟಿ ಹ್ಯಾಟೆ ಜೊತೆಗಿಟ್ಕೊ, ಇವುಗಳ ಮೊಟ್ಟೆನ ಅದರ ಅಡಿಗೆ ಇಡು ಎಂದೆ. ನಾಟಿ ಹ್ಯಾಟೆ ಎಲ್ಲಿ ಸಿಗುತ್ತದೆ ಎಂದಳು. ನಮ್ಮ ತೋಟದಲ್ಲಿ ಮೂರು ಸಾಕಿದ್ದೇನೆ, ಅವುಗಳ ಪಿಳ್ಳೆ ದೊಡ್ಡವಾದ ಮೇಲೆ ಬಾ, ಒಂದು ಕೊಡುತ್ತೇನೆ ಎಂದಿದ್ದೇನೆ.